ನಾಲ್ಕನೆಯ ಲೋಟ

ಆಂಡರ್ಸನ್‌ಪೇಟೆ, ಕೆ.ಜಿ.ಎಫ್.
18-2-2025, ಮಂಗಳವಾರ

ಪ್ರೀತಿಯ ಶ್ಯಾಮಲಕ್ಕನಿಗೆ,

ನಿನ್ನ ತಂಗಿ ಸಹನ ಮಾಡುವ ನಮಸ್ಕಾರ. ಈ ಕಾಲದಲ್ಲಿ ಕಾಗದ ಬರೆಯುತ್ತಿದ್ದಾಳಲ್ಲ, ಇವಳಿಗೇನು ಬಂತು ಎಂದುಕೊಳ್ಳಬೇಡ. ನಿನ್ನ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ, ನಿಮ್ಮತ್ತೆ ಪಕ್ಕದಲ್ಲೇ ಅವರೆಕಾಯಿ ಬಿಡಿಸುತ್ತಾ ಕೂತಿರುತ್ತಾರೆ. ಇದು ಅವರು ಕೇಳುವ ಮಾತಲ್ಲ. ಓದಿದ ಮೇಲೆ ಒಲೆಗೆ ಹಾಕಿಬಿಡು. ಅಮ್ಮನಿಗಂತೂ ಹೇಳಲೇಬೇಡ, ಯಾಕೆಂದರೆ ಭಾನುವಾರ ನಾನು ವೈನ್ ಕುಡಿದೆ.

ಮೊದಲು ಒಂದು ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ನಿನಗೆ ಅರ್ಥವಾಗುವುದಿಲ್ಲ. ಆ ದೊಡ್ಡ ಜ್ವರ ಬಂದು ಹೋದ ಮೇಲೆ ನನಗೆ ವಾಸನೆ ತಿಳಿಯುವುದಿಲ್ಲ ಅಕ್ಕ. ಉಪ್ಪು, ಹುಳಿ, ಸಿಹಿ, ಖಾರ ನಾಲಿಗೆಗೆ ಗೊತ್ತಾಗುತ್ತದೆ. ಆದರೆ ಒಗ್ಗರಣೆ ಸೀದರೂ, ಹಾಲು ಕೆಟ್ಟರೂ, ಮಲ್ಲಿಗೆ ಮುಡಿದರೂ ನನಗೆ ಎಲ್ಲ ಒಂದೇ. ಅಡುಗೆ ಆರ್ಡರು ಹಿಡಿದು ಬದುಕುವವಳು ಇದನ್ನು ಯಾರ ಹತ್ತಿರ ಹೇಳಲಿ? ಗೊತ್ತಿದ್ದದ್ದು ನಮ್ಮ ಯಜಮಾನರಿಗೆ ಮಾತ್ರ. ಪ್ರತಿ ಆರ್ಡರಿಗೂ ಅವರೇ ಪಾತ್ರೆಯ ಮುಚ್ಚಳ ತೆಗೆದು ಮೂಸಿ ನೋಡಿ, ತಲೆ ಆಡಿಸುತ್ತಿದ್ದರು. ಆಮೇಲೆ ನಾನು ಬಡಿಸಲು ಕಳಿಸುತ್ತಿದ್ದೆ.

ಭಾನುವಾರ ಬಂಗಾರಪೇಟೆಯಲ್ಲಿ ಸುಧಾಕರ್ ಮನೆಗೆ ಊಟಕ್ಕೆ ಹೋಗಿದ್ದೆವು. ಸುಧಾಕರ್ ಎಂದರೆ ಇವರ ಜೊತೆ ದಿನಾ ಬೆಂಗಳೂರಿಗೆ ರೈಲಿನಲ್ಲಿ ಹೋಗುವವರು. ಅವರ ಹೆಂಡತಿ ಶಶಿರೇಖ ನನಗೂ ಗೆಳತಿ. ಅಥವಾ ಹಾಗೆಂದುಕೊಂಡಿದ್ದೆ. ಸುಧಾಕರ್ ಆಫೀಸಿನವರೊಡನೆ ನಂದಿಬೆಟ್ಟದ ಕಡೆ ದ್ರಾಕ್ಷಿ ತೋಟ ನೋಡಲು ಹೋಗಿ ಕೆಂಪು ವೈನಿನ ಬಾಟಲಿಗಳನ್ನು ತಂದಿದ್ದರು, ಒಂದೊಂದೂ ಬೇರೆ ಬಗೆ. ಎಲ್ಲರೂ ರುಚಿ ನೋಡಿ ಏನನ್ನಿಸಿತು ಹೇಳಬೇಕು ಎಂದು ಆಟ. ನನಗೆ ಹೋಗಲು ಮನಸ್ಸಿರಲಿಲ್ಲ. ಆದರೆ ಬಾಲಾಜಿಯೂ ಬರುತ್ತಾರೆ ಎಂದು ಇವರು ಒತ್ತಾಯ ಮಾಡಿದರು. ಬಾಲಾಜಿಯದು ರಾಬರ್ಟ್‌ಸನ್‌ಪೇಟೆಯಲ್ಲಿ ಮದುವೆ ಛತ್ರ. ಅಲ್ಲಿನ ಅಡುಗೆಯನ್ನು ಪೂರ್ತಿ ನನಗೇ ವಹಿಸುವ ಮಾತು ನಡೆದಿತ್ತು. ಹೋದ ವರ್ಷ ನೀನು ಕೊಟ್ಟ ಹಸಿರು ಸೀರೆ ಉಟ್ಟುಕೊಂಡು ಹೋದೆ.

ನಡುಮನೆಯಲ್ಲಿ ಚಾಪೆ ಹಾಸಿ ಕೂತೆವು. ಬಾಟಲಿಗಳಿಗೆ ಪೇಪರು ಸುತ್ತಿದ್ದರು. ಗಾಜಿನ ಲೋಟ ಸಾಲದೆ ನನಗೂ ಶಶಿರೇಖಳಿಗೂ ಸ್ಟೀಲ್ ಲೋಟ. ಮಧ್ಯೆ ಬಾಯಿ ಶುಚಿಯಾಗಲಿ ಎಂದು ಪಾನಿಪುರಿ ತರಿಸಿದ್ದರು. ಮೊದಲನೆಯದು ಕುಡಿದಾಗ ನಾನು ಎಲ್ಲರ ಮುಖ ನೋಡಿದೆ. ನಾಲಿಗೆ ಒಗರಾಯಿತು. ‘ನೇರಳೆ ಹಣ್ಣಿನ ಥರ’ ಎಂದೆ. ‘ಕರೆಕ್ಟಾಗಿ ಏಳ್ದಮ್ಮಾ!’ ಎಂದರು ಬಾಲಾಜಿ. ಎರಡನೆಯದಕ್ಕೆ ಅವರು ಮೊದಲು ‘ಲವಂಗ’ ಎಂದರು, ನಾನು ಅದಕ್ಕೆ ಚಕ್ಕೆ ಸೇರಿಸಿದೆ. ಮೂರನೆಯದಕ್ಕೆ ಮಳೆ ಬಿದ್ದ ಮಣ್ಣು ಎಂದೆ, ಬಾಯಿಗೆ ಬಂದದ್ದು. ಎಲ್ಲರೂ ಚಪ್ಪಾಳೆ ತಟ್ಟಿದರು. ನಿಜ ಹೇಳುತ್ತೇನೆ ಅಕ್ಕ, ನನಗೆ ಸಂತೋಷವಾಯಿತು. ಇಷ್ಟು ದಿನದ ಮೇಲೆ ಮೂಗು ವಾಪಸು ಬಂದಿದೆಯೇನೋ ಎನ್ನುವಷ್ಟು.

ಆಗ ಸುಧಾಕರ್ ಅಡುಗೆಮನೆಗೆ ಹೋದರು. ಹಿಂದೆಯೇ ಇವರೂ ಹೋದರು. ಒಳಗೆ ಏನೋ ಪಿಸುಮಾತು. ಸುಧಾಕರ್ ನನ್ನದೊಂದೇ ಲೋಟ ತುಂಬಿಸಿ ತಂದರು.

‘ಇದು ಎಲ್ಲಾದ್ಕಿಂತ ರೇಟಿಂದು. ಮೊದ್ಲು ಸಹನನೇ ಕುಡೀಲಿ’ ಎಂದರು.

ಈ ಸಲ ನೋಡಿ ಊಹಿಸಲು ಯಾರ ಮುಖವೂ ಇಲ್ಲ. ಶಶಿರೇಖ ತಲೆ ತಗ್ಗಿಸಿದ್ದಳು. ಬಾಲಾಜಿ ಕರ್ಚೀಫನ್ನು ಮೂಗಿಗೆ ಹಿಡಿದಿದ್ದರು, ನೆಗಡಿಯಿರಬೇಕು ಎಂದುಕೊಂಡೆ. ಲೋಟ ತಿರುಗಿಸಿ, ಸುಧಾಕರ್ ತೋರಿಸಿಕೊಟ್ಟ ಹಾಗೆ ಮೂಗಿಟ್ಟು ದೀರ್ಘವಾಗಿ ಎಳೆದೆ. ಒಂದು ಗುಟುಕು ಕುಡಿದೆ. ಇನ್ನೊಂದು ಕುಡಿದೆ.

‘ಹುರಿದ ಕಾಫಿ ಬೀಜ. ಏಲಕ್ಕಿ. ಸ್ವಲ್ಪ ಉಪ್ಪುಪ್ಪು ಇದೆ, ಸಮುದ್ರದ ಗಾಳಿ ಬೀಸೋ ಕಡೆ ಬೆಳೆದ ದ್ರಾಕ್ಷಿ ಇರಬೇಕು’ ಎಂದೆ.

ಸುಧಾಕರ್ ಚಾಪೆಯ ಮೇಲೆ ಬಿದ್ದು ನಕ್ಕರು. ‘ಸಮುದ್ರ ಅಂಬೋದ್ನ ಮಾತ್ರ ಸರ್ಯಾಗಿ ಏಳ್ಬಿಟ್ಳು ನೋಡು! ಕರುವಾಡು ನೆನೆಸಿದ್ ನೀರಮ್ಮಾ ಅದು!’

ಒಣಮೀನು ನೆನೆಸಿದ ನೀರಿಗೆ ಬಣ್ಣಕ್ಕಷ್ಟು ವೈನ್ ಬೆರೆಸಿದ್ದರು. ಮನೆಯೆಲ್ಲ ನಾರುತ್ತಿತ್ತಂತೆ. ನನ್ನೊಬ್ಬಳಿಗೆ ಗೊತ್ತಿಲ್ಲ. ಶಶಿರೇಖ ಎಲ್ಲವನ್ನೂ ಫೋನಿನಲ್ಲಿ ಹಿಡಿದಿದ್ದಳು. ತಲೆ ತಗ್ಗಿಸಿದ್ದು ಅದಕ್ಕೆ. ಅದನ್ನು ಮತ್ತೆ ಹಾಕಿ ತೋರಿಸಿದಳು. ‘ಏಲಕ್ಕಿ’ ಎಂದು ನಾನು ಕಣ್ಣು ಮುಚ್ಚುವ ಜಾಗದಲ್ಲಿ ನಿಲ್ಲಿಸಿ, ಇನ್ನೊಂದು ಸಲ ಹಾಕಿದಳು.

ನಗದೆ ಇದ್ದವರು ಬಾಲಾಜಿ ಒಬ್ಬರೇ. ಇವರ ಕಡೆ ತಿರುಗಿ, ‘ನೂರಾರು ಜನ ಉಣ್ಣೋ ಚತ್ರ ನಮ್ದು ನಾಗೇಶಣ್ಣ. ಎಣ್ಣೆ ಕಮಟಾಗಿದ್ರೂ, ಪಾಯಸ ಅಳಸಿದ್ರೂ ಈಯಮ್ಮಂಗೆ ಗೊತ್ತಾಗಲ್ಲ. ಮಕ್ಳು ಮರಿ ತಿಂದು ಏನಾದ್ರೂ ಆದ್ರೆ?’ ಎಂದು ಕೇಳಿದರು. ಅದೇ ನನ್ನನ್ನು ಹೆಚ್ಚು ಚುಚ್ಚಿದ್ದು, ಅದರಲ್ಲಿ ಸುಳ್ಳೇನೂ ಇರಲಿಲ್ಲ.

ನಾನು ಎದ್ದು ಹೋಗಬೇಕಿತ್ತು ಎನ್ನುತ್ತೀಯ. ಹೋಗಲಿಲ್ಲ. ಬಾಯಿ ಮುಕ್ಕಳಿಸಿ ಬಂದೆ. ವಾಸನೆ ಹೋಯಿತೋ ಇಲ್ಲವೋ ನನಗೆ ತಿಳಿಯುವ ದಾರಿಯೇ ಇಲ್ಲ. ಅನ್ನ ಬಡಿಸಲು ಸೌಟು ಹಿಡಿದೆ. ಶಶಿರೇಖ ನನ್ನ ಕೈಯಿಂದ ಸೌಟು ತೆಗೆದುಕೊಂಡು, ‘ಬ್ಯಾಡ ಬಿಡೇ, ನಿನ್ ಕೈ ಇನ್ನೂ ನಾರ್ತೈತೆ’ ಎಂದಳು. ಊಟ ಮುಗಿಯುವವರೆಗೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಿದ್ದೆ. ನಾರುತ್ತಿತ್ತೋ, ಅದೂ ಒಂದು ತಮಾಷೆಯೋ, ಇವತ್ತಿಗೂ ಗೊತ್ತಿಲ್ಲ.

ಸ್ಕೂಟರಿನಲ್ಲಿ ವಾಪಸು ಬರುವಾಗ ಉರಿಗಾಂ ದಾಟಿದ ಮೇಲೆ, ನನಗೆ ವಾಸನೆ ತಿಳಿಯದ್ದು ಅವರಿಗೆಲ್ಲ ಹೇಗೆ ಗೊತ್ತಾಯಿತು ಎಂದು ಕೇಳಿದೆ.

‘ನಾನೇ ಏಳ್ದೆ’ ಎಂದರು. ‘ಎಷ್ಟು ದಿನಾಂತ ನಿನ್ ಇಂದೆ ಮೂಸ್ಕಂಡು ತಿರುಗ್ಲಿ? ನಾಯಿ ಏನೇ ನಾನು?’

ಛತ್ರದ ಅಡುಗೆ ಈಗ ಶಶಿರೇಖಳಿಗೆ ಹೋಗಿದೆ. ಮೇಲ್ವಿಚಾರಣೆ ಇವರದು. ಬೆಂಗಳೂರಿನ ಕೆಲಸ ಬಿಟ್ಟು ಅದನ್ನೇ ನೋಡಿಕೊಳ್ಳುತ್ತಾರಂತೆ. ಇದೆಲ್ಲ ಭಾನುವಾರಕ್ಕೆ ಮುಂಚೆಯೇ ಮಾತಾಗಿತ್ತು. ಬಾಲಾಜಿಯನ್ನು ಒಪ್ಪಿಸಲು ಮಾತ್ರ ನಾನು ಆ ಲೋಟ ಕುಡಿಯಬೇಕಿತ್ತು.

ಆದರೂ ನೀನು ಇವರ ಮೇಲೆ ಕೋಪ ಮಾಡಿಕೊಳ್ಳಬೇಡ ಅಕ್ಕ. ಅವರಿಗೂ ಸಾಕಾಗಿರುತ್ತದೆ. ನನ್ನ ಹಿಂದೆ ನಿಂತು ಎಷ್ಟು ಪಾತ್ರೆ ನೋಡಿದ್ದಾರೆ, ಒಂದು ದಿನವೂ ಗೊಣಗಿರಲಿಲ್ಲ. ಕುಡಿದ ಮತ್ತಿನಲ್ಲಿ ಒಂದು ಮಾತು ಆಡಿದ್ದಾರೆ. ನಿನ್ನೆ ಬೆಳಿಗ್ಗೆ ಮಾತಾಡಿಸಿದರು, ಉಪ್ಪಿಟ್ಟು ಮಾಡು ಎಂದರು. ಮಾಡಿಕೊಟ್ಟೆ, ತಿಂದರು. ಸರಿಹೋಗುತ್ತದೆ. ನನಗೆ ನಿನ್ನ ಹತ್ತಿರ ಹೇಳಿಕೊಳ್ಳಬೇಕಿತ್ತು, ಅಷ್ಟೆ. ಕಾಂತರಾಜ್ ಭಾವನಿಗೆ ನಮಸ್ಕಾರ ತಿಳಿಸು. ಹಸು ಕರು ಹಾಕಿತೇ?

ಇಂತಿ ನಿನ್ನ ಪ್ರೀತಿಯ ತಂಗಿ,
ಸಹನ

ಮರೆತ ಮಾತು — 21-2-2025, ಶುಕ್ರವಾರ

ಮೇಲಿನದನ್ನು ಅಂಚೆಗೆ ಹಾಕಿರಲಿಲ್ಲ. ಪಕ್ಕದ ಮನೆ ಮುನಿಗಂಗಮ್ಮ ಇವತ್ತು ನಿಮ್ಮೂರಿಗೆ ಕಾಮಸಮುದ್ರದ ಬಸ್ಸಿಗೆ ಬರುತ್ತಾರೆ, ಅವರ ಕೈಯಲ್ಲಿ ಕೊಡುತ್ತಿದ್ದೇನೆ. ಓದಿದ ತಕ್ಷಣ ಭಾವನನ್ನು ಕಳಿಸು. ಫೋನು ಮಾಡಬೇಡ, ಒಬ್ಬರೇ ಬಂದರೂ ಸಾಕು, ಇವತ್ತೇ ಬರಲಿ. ಈ ಕಾಗದವನ್ನು ಒಲೆಗೆ ಹಾಕಬೇಡ, ಇಟ್ಟುಕೊಂಡಿರು.

ನಿನ್ನೆ ಬೆಳಿಗ್ಗೆ ನಾನು ಬಟ್ಟೆ ಒಗೆಯುತ್ತಿದ್ದೆ. ಅವನು, ನನ್ನ ಗಂಡ, ಅಡುಗೆಮನೆಯಲ್ಲಿ ನೀರು ಕುಡಿದು, ‘ಟೀ ಬ್ಯಾಡ, ಟ್ರೈನಿಗೆ ಒತ್ತಾಯ್ತು’ ಎಂದು ಬಾಗಿಲು ಎಳೆದುಕೊಂಡು ಹೋದ. ಕಿಟಕಿ ಯಾವತ್ತೂ ತೆಗೆದಿರುತ್ತಿತ್ತು, ನಿನ್ನೆ ಮುಚ್ಚಿತ್ತು. ಬಟ್ಟೆ ಮುಗಿಸಿ ಬಂದು ನಾನು ಬೆಂಕಿಪೊಟ್ಟಣ ಕೈಗೆ ತೆಗೆದುಕೊಂಡೆ. ಹೆಪ್ಪಿಗೆ ಮೊಸರು ಕೇಳಲು ಬಂದ ಮುನಿಗಂಗಮ್ಮ ಬಾಗಿಲು ತೆಗೆದವರೇ, ‘ಅಯ್ಯಯ್ಯೋ ಅಚ್ಬ್ಯಾಡ ಕಣೇ! ಗ್ಯಾಸು ಬೀದಿ ತಂಕ ನಾರ್ತೈತೆ!’ ಎಂದು ಕಿರುಚಿ ನನ್ನ ಕೈಗೆ ಹೊಡೆದರು. ನಾನು ಎಂದೂ ಮುಟ್ಟದ ಹಿಂದಿನ ಚಿಕ್ಕ ಒಲೆಯ ಗುಂಡಿ ಪೂರ್ತಿ ತಿರುಗಿತ್ತು.

ನಾನೇ ಎಲ್ಲೋ ಸೆರಗು ತಗುಲಿಸಿರಬೇಕು ಎಂದು ಸಂಜೆಯವರೆಗೂ ನನಗೆ ನಾನೇ ಹೇಳಿಕೊಂಡೆ. ಯಾರಿಗೂ ಹೇಳಬೇಡಿ ಎಂದು ಮುನಿಗಂಗಮ್ಮನ ಕೈಹಿಡಿದು ಬೇಡಿದ್ದೆ, ಅವರು ಹೇಳಿಲ್ಲ. ಅವನಿಗೆ ಯಾರೂ ಫೋನು ಮಾಡಿಲ್ಲ.

ಯಾಕೆ ಬರಬೇಕು ಎಂದು ಭಾವ ಕೇಳಿದರೆ ಇಷ್ಟು ಹೇಳು. ಸಂಜೆ ನಾನು ದೀಪ ಹಾಕದೆ ಮೂಲೆಯಲ್ಲಿ ಕೂತಿದ್ದೆ. ಅವನು ಬಂದ. ಬಾಗಿಲು ತಳ್ಳಿ ಹೊಸ್ತಿಲ ಹೊರಗೇ ನಿಂತ. ಕತ್ತಲಲ್ಲಿ ಕೈ ಚಾಚಿ ಸ್ವಿಚ್ಚಿನ ಮೇಲೆ ಬೆರಳಿಟ್ಟವನು, ಒತ್ತಲಿಲ್ಲ. ಮೊದಲು ಮೂಗು ಮುಂದೆ ಮಾಡಿ, ಉದ್ದಕ್ಕೆ ಉಸಿರೆಳೆದು ವಾಸನೆ ನೋಡಿದ. ಆಮೇಲೆ ದೀಪ ಹಾಕಿದ.

ಸಹನ