ಮೂಲೆಯ ಕಪ್ಪೆಗಳು

ಕುಪ್ಪಗಡ್ಡೆ
೧೬ ಅಕ್ಟೋಬರ್ ೨೦೨೪, ಬುಧವಾರ

ಪ್ರೀತಿಯ ಅವ್ವನಿಗೆ ನಿನ್ನ ಮಗಳು ಚೈತ್ರಶ್ರೀಯ ಶರಣು.

ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಇವತ್ತು ಹಾಗೆ ಬರೆಯಲು ಕೈ ಬರುತ್ತಿಲ್ಲ. ಭಾನುವಾರ ಶಿಕಾರಿಪುರಕ್ಕೆ ಬಂದೂ ನಿನ್ನ ಹೊಸಿಲು ತುಳಿಯದೆ ಹಿಂದಿರುಗಿದೆವು. ನಿಮ್ಮ ಪಕ್ಕದ ಮನೆಯ ರಾಜೇಶ್ವರಮ್ಮ ನಮ್ಮನ್ನು ನೋಡಿದಳಲ್ಲ, ನಾವು ಊರು ದಾಟುವ ಮೊದಲೇ ನಿನಗೆ ವರದಿ ಮುಟ್ಟಿರುತ್ತದೆ. ಅಂದಿನಿಂದ ನಿನ್ನ ಫೋನನ್ನೂ ಎತ್ತಿಲ್ಲ. ತಪ್ಪಾಯಿತು. ಆದರೆ ನಿನ್ನ ಫೋನು ಸದಾ ಸ್ಪೀಕರಿನಲ್ಲೇ ಇರುತ್ತದೆ, ಇದು ಪಡಸಾಲೆಯಲ್ಲಿ ಕೂತವರೆಲ್ಲ ಕೇಳುವ ಮಾತಲ್ಲ. ಅದಕ್ಕೇ ಕಾಗದ. ಒಬ್ಬಳೇ ಕೂತು ಓದು.

ದಸರಾ ರಜೆ ಶುರುವಾದಾಗಿನಿಂದ ಶರಣ್ಯಳದು ಒಂದೇ ಹಟ, ಶಿಕಾರಿಪುರದಲ್ಲಿ ಬಟ್ಟೆ ಅಂಗಡಿಯ ಮೇಲೆ ಹೊಸದಾಗಿ ಗೇಮ್ ಝೋನ್ ಆಗಿದೆಯಂತೆ, ಅಲ್ಲಿಗೆ ಹೋಗಬೇಕು ಅಂತ. ನಿನ್ನ ತಮ್ಮನೋ, ಮಗಳ ಮಾತು ತೆಗೆದುಹಾಕುವವರಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಬಾಯಲ್ಲಿ ಅವರು ಸೋದರಮಾವನೇ. "ನಡೀರಿ, ಆಟ ಮುಗಿಸಿ ಅಕ್ಕನ ಮನೇಲಿ ಊಟ ಮಾಡ್ಕೊಂಡು ಬರೋಣ" ಎಂದು ಮಾವನೇ ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನು ತೆಗೆದರು. ಹಾಲಮ್ಮಜ್ಜಿಯೂ ಸೀರೆ ಬದಲಿಸಿ ಮುಂದಿನ ಸೀಟಿನಲ್ಲಿ ಕೂತೇಬಿಟ್ಟಳು.

ಒಳಗೆ ಸಿನಿಮಾ ಟಾಕೀಸಿನಂತೆ ಕತ್ತಲೆ. ಎಲ್ಲೆಲ್ಲೂ ಕೆಂಪು ನೀಲಿ ದೀಪ, ಕಿವಿ ಹರಿಯುವ ಸದ್ದು. ಬಾಗಿಲಲ್ಲೇ ಮಾವ ಒಂದು ಸ್ಟೂಲಿಗೆ ಎಡವಿದರು. ಅಜ್ಜಿಯ ಭುಜ ಹಿಡಿದುಕೊಂಡು ನಡೆದರು. ಎಂಬತ್ತರ ಮುದುಕಿಗೆ ಮಗ ಆಸರೆ ಕೊಡುತ್ತಿದ್ದಾನೆ ಎಂದುಕೊಂಡೆ. ಯಾರು ಯಾರಿಗೆ ಆಸರೆಯಾಗಿದ್ದರೋ.

ಕಾರು ಓಡಿಸುವ ಆಟವೊಂದಿತ್ತು. ಸೀಟು, ಸ್ಟೇರಿಂಗು ಎಲ್ಲ ನಿಜದ ಹಾಗೆ. ಮುಂದೊಂದು ಪರದೆ, ಎಡಕ್ಕೊಂದು, ಬಲಕ್ಕೊಂದು. "ಇಷ್ಟು ವರ್ಷ ವ್ಯಾನು ಹೊಡ್ದೋನಿಗೆ ಇದ್ಯಾವ ಲೆಕ್ಕ" ಎಂದು ಮಾವ ಮೀಸೆ ತಿರುವುತ್ತಾ ಕೂತರು. ನೆಟ್ಟಗಿನ ರಸ್ತೆಯಲ್ಲಿ ಚೆನ್ನಾಗಿಯೇ ಓಡಿಸಿದರು ಅವ್ವ. ಆದರೆ ಪಕ್ಕದಿಂದ ಬಂದ ಗಾಡಿಗೆಲ್ಲ ಡಿಕ್ಕಿ. ಶರಣ್ಯ ಬಿದ್ದು ಬಿದ್ದು ನಕ್ಕಳು. "ಅಪ್ಪಾ, ಎಡಕ್ಕೆ ಬಸ್ಸು!" ಎಂದು ಕೂಗಿದಳು. ಎಡಗಡೆಯ ಪರದೆಯ ತುಂಬ ಬಸ್ಸೇ ಇತ್ತು. ಮಾವ ನಗುತ್ತಲೇ ಕೇಳಿದರು, "ಎಲ್ಲೈತೆ ಬಸ್ಸು?"

ನಾನು ಪರದೆಯನ್ನೊಮ್ಮೆ, ಅವರ ಮುಖವನ್ನೊಮ್ಮೆ ನೋಡಿದೆ. ಪಕ್ಕದಲ್ಲಿ ನಿಂತಿದ್ದ ಅಜ್ಜಿ ತನ್ನಷ್ಟಕ್ಕೆ ಅಂದಳು, "ಇವನಪ್ಪಂದೂ ಹಿಂಗೇ ಶುರುವಾಗಿದ್ದು. ಎದುರಿಗಿನ ಸಾಸಿವೆ ಕಾಣ್ತಿತ್ತು, ಮಗ್ಗುಲಾಗೆ ನಿಂತ ಎತ್ತು ಕಾಣ್ತಿರ್ಲಿಲ್ಲ."

"ತಾತನ ಕಣ್ಣು ಸುಣ್ಣ ಸಿಡಿದು ಹೋಗಿದ್ದಲ್ವಾ ಅಜ್ಜಿ?" ಎಂದೆ.

ಅವಳು ಸೆರಗಿನ ತುದಿ ಬಾಯಿಗೆ ಇಟ್ಟುಕೊಂಡು, "ಹೂಂ, ಸುಣ್ಣಾನೂ ಸಿಡಿದಿತ್ತು" ಅಂದಳು.

ಮಾವನಿಗೆ ಕೇಳಿಸಿತೆಂದು ಕಾಣುತ್ತದೆ. ಆಟ ಅರ್ಧಕ್ಕೆ ಬಿಟ್ಟು ಎದ್ದರು. "ಅಕ್ಕನ ಮನೆಗೆ ಇವತ್ತು ಬೇಡ, ಹೊತ್ತು ಇರುವಾಗ್ಲೇ ಊರು ಸೇರೋಣ" ಎಂದರು. ಮುನಿಸಿಕೊಂಡರು ಎಂದುಕೊಂಡೆ ನಾನು, ಪೆದ್ದಿ. ಅವರು ಹೊರಟದ್ದು ಕತ್ತಲಿಗೆ ಹೆದರಿ, ಬೆಳಕು ಆರಿಹೋಗುತ್ತದೆಂದು.

ಶಿರಾಳಕೊಪ್ಪ ದಾಟುವಷ್ಟರಲ್ಲಿ ಮಬ್ಬಾಯಿತು. ಮೆಕ್ಕೆಜೋಳ ಹೇರಿಕೊಂಡ ಟ್ರ್ಯಾಕ್ಟರೊಂದು ರಸ್ತೆಯ ಅಂಚಿಗೆ ನಿಂತಿತ್ತು, ಹಿಂದೆ ದೀಪವಿಲ್ಲ. ನಾನು ಚೀರಿದ ಮೇಲೆ ಬ್ರೇಕು ಬಿತ್ತು. ಶರಣ್ಯಳ ಹಣೆ ಸೀಟಿಗೆ ಬಡಿಯಿತು. "ಕಂಡಿತ್ತು ನಂಗೆ" ಎಂದರು ಮಾವ. ಅಲ್ಲಿಂದ ಅಜ್ಜಿಯನ್ನು ಹಿಂದಕ್ಕೆ ಕೂರಿಸಿ ಮುಂದೆ ನಾನು ಕೂತೆ. ಮಾವ, ಎಡಕ್ಕೆ ಎಮ್ಮೆ. ಮಾವ, ಸೈಕಲ್ಲು ಬಂತು. ಮಾವ, ನಿಧಾನ. ಗಾಡಿ ಓಡಿಸುವಾಗ ಯಾರಾದರೂ ಬಾಯಿ ಹಾಕಿದರೆ ಅವರು ಹೇಗೆ ಉರಿದುಬೀಳುತ್ತಾರೆಂದು ನಿನಗೇ ಗೊತ್ತು. ಅವತ್ತು ನಾನು ಹೇಳಿದ್ದಕ್ಕೆಲ್ಲ ಎಳೆ ಮಗುವಿನ ಹಾಗೆ ಹೂಂ ಅಂದರು. ಟ್ರ್ಯಾಕ್ಟರಿಗಿಂತ ಆ ಹೂಂ ಕೇಳಿ ನನಗೆ ಹೆಚ್ಚು ಭಯವಾಯಿತು. ಇದು ಅವರಿಗೆ ಮೊದಲೇ ಗೊತ್ತಿದೆ ಅವ್ವ.

ಮನೆಗೆ ಬಂದು ಕೇಳಿದೆ. "ಯಾರ ಮುಂದೂ ಬಾಯಿ ಬಿಡಬೇಡ, ಹಗಲು ಎಲ್ಲಾ ಸರಿ ಕಾಣ್ತದೆ" ಎಂದರು. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣವೆಂದರೆ ಎದ್ದು ಹೊರಗೆ ಹೋದರು. ನನಗಿದು ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಸೋಮವಾರ ಶಾಲೆ ಶುರು. ಬೆಳಗಾದರೆ ಊರಿನ ಮಕ್ಕಳು ಟಿಫಿನ್ ಬ್ಯಾಗು ಹಿಡಿದು ವ್ಯಾನು ಹತ್ತುತ್ತಾರೆ. ತಾಯಂದಿರು ಮಾವನ ಮೇಲೆ ಭಾರ ಹಾಕಿ ಒಳಗೆ ಹೋಗುತ್ತಾರೆ. ಕೀಲಿಕೈಯನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೇನೆ. ಅವರು ಕೇಳಿಲ್ಲ, ಹುಡುಕಿಯೂ ಇಲ್ಲ. ಸೋಮವಾರ ಕೇಳುತ್ತಾರೆ.

ನೀನು ಶನಿವಾರವೇ ಬಾ. ಎತ್ತಿ ಆಡಿಸಿದ ಅಕ್ಕ ನೀನು, ನಿನ್ನ ಮಾತನ್ನು ಅವರು ದಾಟುವುದಿಲ್ಲ. ಬರುವಾಗ ನನಗೊಂದು ನಿಜ ತಗೊಂಡು ಬಾ. ತಾತನ ಸುಣ್ಣದ ಕಥೆ ಕಟ್ಟಿದವರು ಯಾರು? ಮಾವನಿಗೆ ಹೊರಗಿನ ಹೆಣ್ಣು ತಂದರೆ ಅವಳ ಮನೆಯವರು ಕಣ್ಣಿನ ವಿಷಯ ವಿಚಾರಿಸುತ್ತಾರೆ ಅಂತಲೇ ನನ್ನನ್ನು ಕೊಟ್ಟೆಯಾ? "ನಮ್ಮ ಮಗು ನಮ್ಮ ಮನೇಲೇ ಇರ್ಲಿ" ಎಂದು ಧಾರೆ ಎರೆಯುವಾಗ ನೀನು ಅತ್ತಿದ್ದೆ. ಆ ಅಳು ಯಾಕೆಂದು ನಾಲ್ಕು ದಿನದಿಂದ ಯೋಚಿಸುತ್ತಿದ್ದೇನೆ. ಜಗಳಕ್ಕಲ್ಲ ಅವ್ವ, ಹೆದರಿಕೆಯಾಗಿ ಕೇಳುತ್ತಿದ್ದೇನೆ. ಮಾವ ನನ್ನನ್ನು ಅಂಗೈಯಲ್ಲಿಟ್ಟು ನೋಡಿಕೊಂಡಿದ್ದಾರೆ, ಅದರಲ್ಲಿ ಸುಳ್ಳಿಲ್ಲ.

ಮಂಡಿನೋವಿಗೆ ಎಣ್ಣೆ ಹಚ್ಚಿಕೋ. ನಿನ್ನ ಆಶೀರ್ವಾದದ ಕೈ ನಮ್ಮ ಮೂವರ ತಲೆಯ ಮೇಲೂ ಇರಲಿ.

ನಿನ್ನ
ಚೈತ್ರ

ಮತ್ತೆ: ಕವರು ಅಂಟಿಸಲು ಹೋಗಿ ತಡೆದೆ. ಗೇಮ್ ಝೋನಿನಲ್ಲಿ ಕಪ್ಪೆ ಹೊಡೆಯುವ ಆಟವೂ ಇತ್ತು. ತೂತುಗಳಿಂದ ಕಪ್ಪೆಗಳು ತಲೆ ಎತ್ತುತ್ತವೆ, ಸುತ್ತಿಗೆಯಿಂದ ಬಡಿಯಬೇಕು. ಶರಣ್ಯ ನಡುವಿನವನ್ನೆಲ್ಲ ಟಕಟಕ ಬಡಿದಳು. "ಅವ್ವಾ, ಮೂಲೆಯಾಗಿನ ಕಪ್ಪೆ ಏಳೋದೇ ಇಲ್ಲ, ಮಿಷನ್ನು ಕೆಟ್ಟೈತೆ" ಎಂದಳು. ಅವಳ ನಂತರ ಅವಳಿಗಿಂತ ಪುಟ್ಟ ಹುಡುಗಿಯೊಬ್ಬಳು ಅದೇ ಆಟಕ್ಕೆ ನಿಂತಳು. ಮೂಲೆಯವನ್ನೂ ಹೊಡೆದಳು. ಶರಣ್ಯ ಇವತ್ತೂ ಮಿಷನ್ನು ಕೆಟ್ಟಿತ್ತು ಅಂತಲೇ ಹೇಳುತ್ತಿದ್ದಾಳೆ. ನಾನೂ ಹೌದು ಕಂದ, ಕೆಟ್ಟಿತ್ತು ಅಂದಿದ್ದೇನೆ.