ಇಪ್ಪತ್ತಮೂರನೇ ಪ್ರಯೋಗದಲ್ಲಿ ‘ಯಶಸ್ವಿ’ಯಾಗಿ ಹಿಡಿದದ್ದು ನನ್ನ ತಂಗಿಯ ಕೈ

ಸಂಶೋಧನಾ ಮಂಡಳಿಯ ಅಧ್ಯಕ್ಷರೇ,

ನೀವು ಮಂಜೂರು ಮಾಡಿ, ಬೆನ್ನು ತಟ್ಟಿ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡ ಯಂತ್ರ ನನ್ನ ತಂಗಿಯ ಬಲಗೈಯನ್ನು ಜಜ್ಜಿ ಹಾಕಿತು. ನಿಮ್ಮ ತನಿಖಾ ವರದಿ ತಪ್ಪೆಲ್ಲ ಅವಳದೇ ಎನ್ನುತ್ತದೆ. ಬರುವ ಶುಕ್ರವಾರದೊಳಗೆ ಅವಳು ಅದನ್ನು ಒಪ್ಪಿ ಸಹಿ ಹಾಕದಿದ್ದರೆ ಕೆಲಸದಿಂದ ವಜಾ. ಮೂರು ಸಲ ಅರ್ಜಿ ಕೊಟ್ಟೆ, ಮೂರು ಸಲವೂ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂತು. ಅದಕ್ಕೇ ಈಗ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ಓದುವವರಿಗೆ ಮೊದಲು ಯಂತ್ರದ ವಿಚಾರ ಹೇಳಿಬಿಡುತ್ತೇನೆ. ಕೆಳಗೆ ಚಕ್ರ, ಮೇಲೆ ಉಕ್ಕಿನ ಒಂದು ತೋಳು, ತುದಿಯಲ್ಲಿ ಇಕ್ಕಳ. ರೇಡಿಯೋ ಮೂಲಕ ಆಜ್ಞೆ ಹೋದಂತೆ ಕೆಲಸ ಮಾಡುತ್ತದೆ. ಹಳೆಯ ರೋಬೋಟುಗಳು ಸಂಪರ್ಕ ಕಡಿದರೆ ನಿಂತುಬಿಡುತ್ತಿದ್ದವು. ಇದು ನಿಲ್ಲಬಾರದು, ಮುಂದೆ ಯಾವ ಆಜ್ಞೆ ಬರುತ್ತಿತ್ತು ಎಂದು ತಾನೇ ಊಹಿಸಿ ಕೆಲಸ ಮುಗಿಸಬೇಕು. ಇದೇ ಸಂಶೋಧನೆ. ಪರೀಕ್ಷಿಸಲಿಕ್ಕೆ ಜಾಮರ್ ಎಂಬ ಪೆಟ್ಟಿಗೆ ಹಚ್ಚಿ ಕೋಣೆಯೊಳಗಿನ ರೇಡಿಯೋ ಸಂಪರ್ಕವನ್ನೆಲ್ಲ ಮುಳುಗಿಸುತ್ತಾರೆ. ಕುಸಿದ ಕಟ್ಟಡದಡಿ ಸಿಕ್ಕಿಬಿದ್ದವರನ್ನು ಹುಡುಕಲು ಇಂಥದ್ದು ಬೇಕೇ ಬೇಕು. ಅದನ್ನು ಆಡಿಕೊಳ್ಳುವಷ್ಟು ದಡ್ಡ ನಾನಲ್ಲ.

ಹತ್ತು ವರ್ಷದಿಂದ ಆ ಪ್ರಯೋಗಾಲಯದ ಎಲೆಕ್ಟ್ರಿಷಿಯನ್ ನಾನು. ತುರ್ತಿಗೆ ಯಂತ್ರ ನಿಲ್ಲಿಸಲು ಮೇಜಿನ ಮೇಲೊಂದು ಕೆಂಪು ಗುಂಡಿ ಇಟ್ಟು, ಅಲ್ಲಿಂದ ನೇರ ಬ್ಯಾಟರಿಗೆ ದಪ್ಪ ಕಪ್ಪು ವೈರ್ ಎಳೆದಿದ್ದೆ. ಒತ್ತಿದರೆ ಬ್ಯಾಟರಿ ಕಡಿತ, ಮಾತು ಮುಗೀತು. ಯಂತ್ರ ಹೋದಲ್ಲೆಲ್ಲ ಆ ವೈರು ನೆಲದ ಮೇಲೆ ಹರಿದಾಡುತ್ತಿತ್ತು. ನೀವು ಪರಿಶೀಲನೆಗೆ ಬಂದ ದಿನ ಅದನ್ನು ಶೂ ತುದಿಯಿಂದ ಸರಿಸಿ, “ಏನ್ರೀ ಇದು? ವೈರ್‌ಲೆಸ್ ಅಂತ ಬರ್ಕೊಂಡು ಬಾಲ ಕಟ್ಟಿದೀರಲ್ಲ!” ಎಂದಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ, ಹಲ್ಲು ಕಿರಿದುಕೊಂಡು.

ಅದೇ ಸಂಜೆ ಪ್ರಯೋಗಾಲಯದ ಮುಖ್ಯಸ್ಥರು ಕರೆದರು. “ಆ ವೈರ್ ತೆಗ್ದುಬಿಡಪ್ಪ. ಗುಂಡೀನೂ ರೇಡಿಯೋ ಮೇಲೇ ಓಡ್ಲಿ.”

“ಸರ್, ಜಾಮರ್ ಹಾಕಿದಾಗ ಗುಂಡೀನೂ ಸತ್ತೋಗಲ್ವಾ?”

“ಅದು ಬೇರೆ ಚಾನೆಲ್ ಕಣಯ್ಯ. ನೀನ್ಯಾಕೆ ತಲೆ ಕೆಡಿಸ್ಕೋತೀಯ?”

ಕತ್ತರಿಸಿದೆ. ಈ ಪಾಪದಲ್ಲಿ ನನ್ನ ಪಾಲು ಇದೆ, ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ.

ತಂಗಿ ಅಲ್ಲೇ ಟೆಕ್ನಿಷಿಯನ್. ಪ್ರತಿ ಪ್ರಯೋಗಕ್ಕೂ ಮುಂಚೆ ಕಬ್ಬಿಣದ ಕಪಾಟಿನೊಳಗೆ ಯಂತ್ರ ಹಿಡಿದೆತ್ತಬೇಕಾದ ಉಕ್ಕಿನ ಡಬ್ಬಿಯನ್ನು ಗುರುತಿಟ್ಟ ಜಾಗದಲ್ಲಿ ಇಡುವುದು ಅವಳ ಕೆಲಸ. ಅಂದು ಬೆಳಗ್ಗೆ ಹನ್ನೊಂದಕ್ಕೆ ಇಪ್ಪತ್ತಮೂರನೇ ಪ್ರಯೋಗ. ಜಾಮರ್ ಹಾಕಿದರು. ಯಂತ್ರ ಕಪಾಟಿನ ಮುಂದೆ ಹೋಗಿ ಗರಬಡಿದ ಹಾಗೆ ನಿಂತಿತು. ಡಬ್ಬಿ ಓರೆಯಾಗಿತ್ತು. ಮುಖ್ಯಸ್ಥರು ಕಂಪ್ಯೂಟರಿನಿಂದ ಕಣ್ಣು ಕೀಳದೆ, “ನಿಂತಿದೆ, ಹೋಗಿ ಡಬ್ಬಿ ಸರಿ ಮಾಡಮ್ಮ” ಎಂದರು. ಯಂತ್ರ ಓಡುವಾಗ ದಾಟಬಾರದ ಹಳದಿ ಗೆರೆ ದಾಟಿ ಹೋದಳು. ಕೈಯನ್ನು ಮೊಣಕೈವರೆಗೂ ಒಳಗೆ ಹಾಕಿದಳು. ಆಗ ಯಂತ್ರಕ್ಕೆ ಊಹೆ ಹೊಳೆಯಿತು.

ಆ ಗಳಿಗೆಯಲ್ಲಿ ಬೆನ್ನು ತಿರುಗಿಸಿ ಸ್ವಿಚ್ ಬೋರ್ಡ್ ನೋಡುತ್ತಿದ್ದ ನಾನು ತೋಳು ನುಗ್ಗಿದ್ದನ್ನು ನೋಡಲಿಲ್ಲ, ಸದ್ದು ಕೇಳಿದೆ. ಇಕ್ಕಳ ಅವಳ ಕೈಯನ್ನು ಕಪಾಟಿನ ಅಂಚಿಗೆ ಒತ್ತಿ ಹಿಡಿದು ಬಿಗಿಯತೊಡಗಿತ್ತು. “ಅಣ್ಣಾ, ನಿಲ್ಸೋ! ನಿಲ್ಸೋ ಅಣ್ಣಾ!” ಗುಂಡಿ ಒತ್ತಿದೆ. ‘ಆಜ್ಞೆ ಕಳಿಸಲಾಗಿದೆ’ ಎಂದು ಹಸಿರು ದೀಪ ಹತ್ತಿತು. ಮತ್ತೆ ಒತ್ತಿದೆ, ಮುಷ್ಟಿಯಿಂದ ಗುದ್ದಿದೆ. ದೀಪ ಹತ್ತಿದ್ದೇ ಹತ್ತಿದ್ದು. ಜಾಮರ್ ಯಾವ ಚಾನೆಲ್ಲನ್ನೂ ಬಿಟ್ಟಿರಲಿಲ್ಲ, ಸ್ವಾಮಿ. ಅದನ್ನು ಆರಿಸಬೇಕಾದ ಮುಖ್ಯಸ್ಥರು ಕುರ್ಚಿಯಿಂದ ಎದ್ದವರು ಗೋಡೆಗೆ ಆತು ನಿಂತುಬಿಟ್ಟಿದ್ದರು. ಮೂಳೆ ಮುರಿದ ಸದ್ದು ಬಂತು, ಒಂದಲ್ಲ, ಎರಡು ಸಲ. ರಕ್ತ ಡಬ್ಬಿಯ ಮೇಲೆ ಹರಿದು ನೆಲದ ಹಳದಿ ಗೆರೆಗೆ ಬಂತು. ಮೂಲೆಯಲ್ಲಿದ್ದ ಕಬ್ಬಿಣದ ಸಲಾಕೆ ತಗೊಂಡು ಬ್ಯಾಟರಿ ಪೆಟ್ಟಿಗೆಗೆ ಬಡಿದೆ, ಮುಚ್ಚಳ ಹಾರಿಹೋಗುವ ತನಕ ಬಡಿದೆ, ಕಿಡಿ ಹಾರಿ ಅಂಗೈ ಸುಟ್ಟಿತು, ಬಿಡಲಿಲ್ಲ. ಯಂತ್ರ ಸತ್ತ ಮೇಲೂ ಇಕ್ಕಳ ಬಾಯಿ ಬಿಡಲಿಲ್ಲ. ಸ್ಪ್ಯಾನರ್ ಹಾಕಿ ಒಂದೊಂದೇ ಬೋಲ್ಟ್ ಬಿಚ್ಚಿದೆ. ಆ ಹೊತ್ತಿಗೆ ಅವಳು ಕೂಗುವುದನ್ನು ನಿಲ್ಲಿಸಿದ್ದಳು. ಮಧ್ಯಾಹ್ನ ಡಾಕ್ಟರು ಮೊಣಕೈ ಕೆಳಗೆ ಕೈ ತೆಗೆದರು.

ಎರಡು ತಿಂಗಳ ನಂತರ ಈ ಪ್ರಯೋಗಗಳ ಸಂಶೋಧನಾ ಪ್ರಬಂಧ ಪ್ರಕಟವಾಯಿತು. ಅದರ ನಾಲ್ಕನೇ ಕೋಷ್ಟಕ ನೋಡಿ, ಪುರುಸೊತ್ತಿದ್ದರೆ. ಪ್ರಯೋಗ ಇಪ್ಪತ್ತಮೂರು. ಸಂಪರ್ಕವಿಲ್ಲದ ಅವಧಿ: ತೊಂಬತ್ತು ಸೆಕೆಂಡು. ವಸ್ತುವನ್ನು ಹಿಡಿಯುವಿಕೆ: ಯಶಸ್ವಿ. ಯಾವ ವಸ್ತು, ಅಧ್ಯಕ್ಷರೇ? ಇಕ್ಕಳದೊಳಗೆ ಏನೋ ಸಿಕ್ಕಿತು, ಜಾರಲಿಲ್ಲ, ಆದ್ದರಿಂದ ಯಶಸ್ವಿ. ಕಂಪ್ಯೂಟರ್ ತನ್ನಷ್ಟಕ್ಕೆ ಬರೆದುಕೊಂಡಿತು, ಸರಿ, ಅದಕ್ಕೆ ಕಣ್ಣಿಲ್ಲ. ಓದಿ ಸಹಿ ಹಾಕಿದ ಆರು ಮಂದಿ ಲೇಖಕರಿಗೆ? ತೊಂಬತ್ತು ಸೆಕೆಂಡು ಇಡೀ ಕೋಷ್ಟಕದಲ್ಲೇ ಅತಿ ದೀರ್ಘವಂತೆ. ಅದಕ್ಕೇ ಕೈಬಿಡಲು ಮನಸ್ಸಾಗಲಿಲ್ಲವೇನೋ!

ಇತ್ತ ತನಿಖಾ ವರದಿಯ ಪ್ರಕಾರ ಅವಳು ‘ಅನುಮತಿಯಿಲ್ಲದೆ ಹಳದಿ ಗೆರೆ ದಾಟಿದಳು’. ಹೋಗೆಂದ ಮುಖ್ಯಸ್ಥರಿಗೆ ಹಾಗೆ ಹೇಳಿದ ನೆನಪಿಲ್ಲ. ಗುಂಡಿ ‘ಸುಸ್ಥಿತಿಯಲ್ಲಿತ್ತು’. ಅದೇನೋ ನಿಜವೇ, ಒತ್ತಿದಾಗೆಲ್ಲ ದೀಪ ಚೆನ್ನಾಗಿ ಹತ್ತುತ್ತಿತ್ತು. ಕತ್ತರಿಸಿದ ವೈರಿನ ಬಗ್ಗೆ ಒಂದಕ್ಷರ ಇಲ್ಲ. ತನಿಖೆ ಮಾಡಿದ ನಾಲ್ಕು ಜನ ಸೇರಿ ಇಷ್ಟು ನೀಟಾಗಿ ತಿಪ್ಪೆ ಸಾರಿಸಿದ್ದನ್ನು ನಾನು ಕಂಡಿರಲಿಲ್ಲ.

ಮೊನ್ನೆ ನಿಮ್ಮ ಕಚೇರಿಯ ಅಧಿಕಾರಿಯೊಬ್ಬರು ಒಪ್ಪಿಗೆ ಪತ್ರ ಹಿಡಿದು ಮನೆಗೆ ಬಂದರು. ಅಂಗಿಯ ಖಾಲಿ ತೋಳನ್ನು ಪಿನ್ ಹಾಕಿ ಮಡಚಿಕೊಂಡಿದ್ದ ತಂಗಿಯನ್ನು ನೋಡಿ ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ಬ್ಯಾಗಿನಿಂದ ಇಂಕ್ ಪ್ಯಾಡ್ ತೆಗೆದರು.

“ಎಡಗೈ ಹೆಬ್ಬೆಟ್ಟಾದ್ರೂ ನಡೆಯುತ್ತಮ್ಮ.”

“ಬಲಗೈ ಎಲ್ಲಿಟ್ಟಿದೀರ, ತಂದ್ಕೊಡಿ. ಸಹೀನೇ ಹಾಕ್ತೀನಿ” ಎಂದಳು ತಂಗಿ.

ಅಧಿಕಾರಿ ಅವಸರದಲ್ಲಿ ಇಂಕ್ ಪ್ಯಾಡ್ ಬಿಟ್ಟು ಹೋದರು. ಅವರು ಬೀದಿ ದಾಟುವವರೆಗೂ ಅವಳು ನೆಟ್ಟಗೆ ಕೂತಿದ್ದಳು, ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. “ನಾನಾಗಿ ಹೋಗ್ಲಿಲ್ಲ ಕಣೋ, ಅವ್ರೇ ಕಳ್ಸಿದ್ರು. ಯಾರೂ ನಂಬಲ್ವಲ್ಲೋ” ಎನ್ನುತ್ತಿದ್ದಳು. ಅವಳಿಗೆ ಪರಿಹಾರ ಬೇಡ, ಅನುಕಂಪ ಬೇಡ. ತಪ್ಪು ತನ್ನದಲ್ಲ ಎಂದು ಒಬ್ಬರಾದರೂ ಕಾಗದದ ಮೇಲೆ ಬರೆಯಬೇಕು, ಅಷ್ಟೇ.

ಆದ್ದರಿಂದ ನನ್ನ ಬೇಡಿಕೆ ಇದು. ಶುಕ್ರವಾರ ಬೆಳಗ್ಗೆ ಹನ್ನೊಂದಕ್ಕೆ ಪ್ರಯೋಗಾಲಯಕ್ಕೆ ಬನ್ನಿ. ಯಂತ್ರ ರಿಪೇರಿಯಾಗಿದೆಯಂತೆ. ಜಾಮರ್ ಹಾಕಲಿ. ನೀವು ಕೋಟು ಬಿಚ್ಚಿ, ಆ ಕಪಾಟಿನೊಳಗೆ ಬಲಗೈಯನ್ನು ಮೊಣಕೈವರೆಗೂ ಇಡಿ. ಸುಸ್ಥಿತಿಯಲ್ಲಿರುವ ಗುಂಡಿಯನ್ನು ನಿಮಗೆ ಬೇಕಾದವರ ಕೈಗೆ ಕೊಡಿ. ಕೂದಲೂ ಕೊಂಕದೆ ನೀವು ಹೊರಬಂದರೆ, ಅಲ್ಲೇ ಎಲ್ಲರೆದುರು ನನ್ನ ತಂಗಿ ಹೆಬ್ಬೆಟ್ಟು ಒತ್ತುತ್ತಾಳೆ. ಬರಲಾರಿರಾ? ಹಾಗಾದರೆ ‘ಆ ಗುಂಡಿಯನ್ನು ನಂಬಿ ನಾನು ನನ್ನ ಕೈ ಇಡಲಾರೆ’ ಎಂದು ಒಂದೇ ಒಂದು ಸಾಲು ಬರೆದು, ಕೆಳಗೆ ಸಹಿ ಹಾಕಿ ಕಳಿಸಿ. ನಿಮಗೆ ಬಲಗೈ ಇದೆಯಲ್ಲ.

ಇಂತಿ,
ಸಂಸ್ಥೆಯ ಆಸ್ತಿಯನ್ನು ಸಲಾಕೆಯಿಂದ ಒಡೆದ ಆರೋಪದ ಮೇಲೆ ಅಮಾನತುಗೊಂಡಿರುವ,
ಇನ್ನೂ ಬೇಗ ಒಡೆಯಬೇಕಿತ್ತು ಎಂದು ದಿನವೂ ಕೊರಗುವ,
ಆ ‘ವಸ್ತು’ವಿನ ಅಣ್ಣ