ಬೆಲ್ಲದ ನವಣೆ ಪಾಯಸ

ಮಾರ್ಚ್ ೧೧, ಮಂಗಳವಾರ

ಅಣ್ಣನ ಕಾಲಿನ ಹುಣ್ಣು ಇನ್ನೂ ಒಣಗಿಲ್ಲ. ಬೆರಳು ಉಳಿಯುತ್ತೋ ಇಲ್ಲವೋ ಅಂತ ಡಾಕ್ಟರು ನಾಡಿದ್ದು ಹೇಳುತ್ತಾರೆ. ಇಂಥ ಹೊತ್ತಿನಲ್ಲಿ, ಇವತ್ತು ಅವನ ಮನೆಗೆ ಹೋಗಿ ನೋಡಿದರೆ, ಅವನು ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ನವಣೆ ಪಾಯಸ ಕುಡಿಯುತ್ತಿದ್ದಾನೆ!

“ಸಿರಿಧಾನ್ಯ ಕಣೇ, ಔಷಧಿಗಿಂತ ಮೇಲು,” ಅಂದ.

“ಸಕ್ಕರೆ ಒಂದು ಚಿಟಿಕೆನೂ ಹಾಕಿಲ್ಲ, ಬರೀ ಬೆಲ್ಲ,” ಅಂತ ಅತ್ತಿಗೆಯ ಒಗ್ಗರಣೆ ಬೇರೆ.

ಮೈಯೆಲ್ಲ ಉರಿದುಹೋಯಿತು. ನವಣೆಯಲ್ಲಿ ನಾರಿದೆ, ಅಕ್ಕಿಗಿಂತ ನಿಧಾನವಾಗಿ ಅರಗುತ್ತದೆ, ಒಪ್ಪಿದೆ. ಅಷ್ಟು ಬೆಲ್ಲ ಸುರಿದ ಮೇಲೆ ಆ ಗುಣ ಎಲ್ಲಿ ಉಳಿಯಿತು? ನಾವು ಚಿಕ್ಕವರಿದ್ದಾಗ ನೆಂಟರು ಬಂದರೆ ಅಮ್ಮ ಇದೇ ನವಣೆಯ ಡಬ್ಬಿಯನ್ನು ಮಂಚದ ಕೆಳಗೆ ತಳ್ಳುತ್ತಿದ್ದಳು, ಬಡವರ ಕೂಳು ಅಂತ. ಈಗ ಅದಕ್ಕೇ ಬಣ್ಣದ ಪೊಟ್ಟಣ, ಮೇಲೆ ‘ಮಧುಮೇಹಿಗಳ ಮಿತ್ರ’. ಹಾಗೆ ಅಚ್ಚು ಹಾಕಿಸಿದವನು ಅಣ್ಣನ ಕಾಲು ನೋಡಿದ್ದಾನೆಯೇ?

“ಬೆಲ್ಲವೂ ಸಕ್ಕರೆಯೇ ಕಣೋ!” ಎಂದು ಕೂಗಾಡಿ ಪಾಯಸದ ಪಾತ್ರೆಯನ್ನೇ ಎತ್ತಿಕೊಂಡು ಹೊರಟೆ.

“ಪಾತ್ರೆನಾದ್ರೂ ವಾಪಸ್ ಕೊಡೇ ಮಹಾರಾಯ್ತಿ,” ಅಂತ ನಕ್ಕ.

ಮನೆಗೆ ಬಂದ ಮೇಲೆ ಹೊಳೆಯಿತು: ಬೈದು ಬಂದೆನೇ ಹೊರತು ಮಾತ್ರೆ ನುಂಗಿಸಲಿಲ್ಲ. ಇಬ್ಬರೂ ಫೋನ್ ಎತ್ತುತ್ತಿಲ್ಲ. ಪಾತ್ರೆ ಕೊಡುವ ನೆಪದಲ್ಲಿ ಈಗಲೇ ಹೋಗಿ, ಎದುರಿಗೆ ನಿಂತು, ನುಂಗಿಸಿಯೇ…